ಪಕ್ಕದಲ್ಲಿ ಕುಳಿತವರ ಹೆಸರೇನು?

ನಮ್ಮ ಸಂಗೀತರಸಿಕರಿಗೆ ಒಂದು ಪ್ರಶ್ನೆ ಹಾಕಿ ಮಾತಿಗೆ ಮೊದಲಿಡುತ್ತೇನೆ. 1966ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಸಭಾಭವನದಲ್ಲಿ ಶ್ರೀಮತಿ ಎಂ. ಎಸ್. ಸುಬ್ಬುಲಕ್ಷ್ಮಿಯವರು ಹಾಡಿದರಷ್ಟೆ. ಆ ಕಚೇರಿಯ ಧ್ವನಿಮುದ್ರಿಕೆ ಇಂದಿಗೂ ಸಾವಿರಾರು ಮನೆಗಳಲ್ಲಿ ಕೇಳಿಬರುತ್ತಿದೆ. ಆ ದಿನ ಅವರಿಗೆ ಪಿಟೀಲು ನುಡಿಸಿದವರು ಯಾರು? ನಾನು ಬಲ್ಲ ರಸಿಕರಲ್ಲಿ ಹತ್ತು ಮಂದಿಯನ್ನು ಕೇಳಿದೆ. ಎಂಟು ಮಂದಿ ಸೀರೆಯ ಬಣ್ಣವನ್ನು ಹೇಳಲು ಸಿದ್ಧರಿದ್ದರು, ವಿ. ವಿ. ಸುಬ್ರಹ್ಮಣ್ಯಂ ಎಂಬ ಹೆಸರು ಒಬ್ಬರ ಬಾಯಿಂದ ಮಾತ್ರ ಬಂತು. ಅವರೂ ಪಿಟೀಲು ಕಲಿತವರೇ! ಉಳಿದೊಬ್ಬರು ‘ಪಿಟೀಲು ಇತ್ತೇ?’ ಎಂದರು.

ಇದು ರಸಿಕರ ಮರೆವಲ್ಲ, ಕಲಿಸಿಕೊಟ್ಟ ಮರೆವು. ಕಲಿಸಿದವರು ಧ್ವನಿಮುದ್ರಣದ ವ್ಯಾಪಾರಸ್ಥರು, ಅವರಿಗೆ ನೆರವಾದವರು ಸಂಗ್ರಾಹಕ ಮಹಾಶಯರು. ನೂರಿಪ್ಪತ್ತು ವರ್ಷಗಳಿಂದ ನಮ್ಮ ನಾಡಿನಲ್ಲಿ ಸಂಗೀತವನ್ನು ತಟ್ಟೆಯಲ್ಲಿ, ಟೇಪಿನಲ್ಲಿ, ಈಗ ಮೊಬೈಲಿನಲ್ಲಿ ತುಂಬಿಡುತ್ತ ಬಂದಿದ್ದೇವೆ. ತುಂಬುವಾಗಲೆಲ್ಲ ಪಿಟೀಲಿನವನ ಪಾಲನ್ನು ಸ್ವಲ್ಪ ಸ್ವಲ್ಪವೇ ಚೆಲ್ಲಿದ್ದೇವೆ.

ಆ ಪಾಲು ಎಷ್ಟೆಂಬುದನ್ನು ಮೊದಲು ನೋಡೋಣ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪರದೇಶದ ಈ ವಾದ್ಯವನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿ ಎರಡು ಶತಮಾನಗಳಾಗುತ್ತ ಬಂದವು. ಅಂದಿನಿಂದ ಅದು ಕರ್ನಾಟಕ ಸಂಗೀತದ ಕಚೇರಿಯಲ್ಲಿ ಬರಿಯ ನೆರಳಾಗಿ ಉಳಿದಿಲ್ಲ. ಗಾಯಕನು ರಾಗಾಲಾಪನೆ ಮುಗಿಸಿದ ಮೇಲೆ ಪಿಟೀಲಿನವನಿಗೆ ತನ್ನದೇ ಆಲಾಪನೆಯ ಸರದಿ ಉಂಟು. ನೆರವಲಿನಲ್ಲಿ, ಕಲ್ಪನಾಸ್ವರದಲ್ಲಿ ಒಂದು ಸುತ್ತು ಅವರದು, ಒಂದು ಸುತ್ತು ಇವರದು. ಹಾಡುವವರ ಮನಸ್ಸಿನಲ್ಲಿ ಮುಂದೇನು ಹುಟ್ಟುತ್ತದೆಂಬುದನ್ನು ಒಂದು ಕ್ಷಣ ಮೊದಲೇ ಊಹಿಸಿ, ಅವರ ದಾರಿಗೆ ಅಡ್ಡ ಬರದೆ, ಅವರು ಉಸಿರು ತೆಗೆದುಕೊಳ್ಳುವ ಹೊತ್ತಿನಲ್ಲಿ ನಾದ ಕಡಿಯದಂತೆ ಹಿಡಿದಿಟ್ಟು, ತನ್ನ ಸರದಿ ಬಂದಾಗ ಅವರು ಕಾಣದ ಒಂದು ಮೂಲೆಯನ್ನು ತೋರಿಸಿ ಮತ್ತೆ ಹಿಂದೆ ಸರಿಯುವುದು — ಇದಕ್ಕೆ ಎಷ್ಟು ವಿದ್ಯೆ ಬೇಕು, ಎಷ್ಟು ವಿನಯ ಬೇಕು! ಮೂರು ಗಂಟೆಯ ಕಚೇರಿಯಲ್ಲಿ ಈ ಸಂವಾದವೇ ಬಹುಭಾಗ.

ಇನ್ನು ರೆಕಾರ್ಡುಗಳ ಕಥೆ. ಗ್ರಾಮಫೋನ್ ಕಂಪೆನಿಯವರು 1902ರಲ್ಲಿ ಕಲ್ಕತ್ತೆಗೆ ಬಂದು ಧ್ವನಿಮುದ್ರಣ ಆರಂಭಿಸಿದರು. ಹತ್ತು ಅಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷ, ಹೆಚ್ಚೆಂದರೆ ಇನ್ನೊಂದಿಷ್ಟು. ಅಷ್ಟರಲ್ಲಿ ಪಲ್ಲವಿ, ಅನುಪಲ್ಲವಿ, ಚರಣ ಹಾಡಿ ಮುಗಿಸಬೇಕಾದ ವಿದ್ವಾಂಸರು ಪಿಟೀಲಿನವರಿಗೆ ಸರದಿ ಕೊಡುವುದೆಲ್ಲಿಂದ ಬಂತು? ಅಂದಿನವರನ್ನು ನಾನು ದೂರುವುದಿಲ್ಲ. ಆದರೆ ಸ್ಥಳವಿಲ್ಲದ್ದು ಪ್ಲೇಟಿನ ಮೇಲೆ. ನಡುವೆ ಅಂಟಿಸುವ ಚೀಟಿಯ ಮೇಲಲ್ಲವಷ್ಟೆ? ಬಹಳಷ್ಟು ಹಳೆಯ ಪ್ಲೇಟುಗಳಲ್ಲಿ ಗಾಯಕರ ಹೆಸರಿದೆ, ರಾಗದ ಹೆಸರಿದೆ, ತಾಳದ ಹೆಸರೂ ಇದೆ. ಪಿಟೀಲು ನುಡಿಸಿದಾತ ಮಾತ್ರ ಅನಾಮಧೇಯ. ತಾಳಕ್ಕಿರುವ ಮರ್ಯಾದೆ ಮನುಷ್ಯನಿಗಿಲ್ಲ.

1948ರಲ್ಲಿ ಅಮೆರಿಕದಲ್ಲಿ ಲಾಂಗ್ ಪ್ಲೇ ರೆಕಾರ್ಡು ಬಂತು. ಕೆಲವು ವರ್ಷಗಳಲ್ಲಿ ನಮ್ಮಲ್ಲಿಗೂ ಬಂತು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೀರಿದ ಅವಕಾಶ. ಅನಂತರ ಕ್ಯಾಸೆಟ್, ಸಿ.ಡಿ. ಈಗಂತೂ ಕಾಲದ ಮಿತಿಯೇ ಇಲ್ಲ. ಹಳೆಯ ನೆಪವೆಲ್ಲ ಸತ್ತ ಮೇಲೂ ಹಳೆಯ ಚಾಳಿ ಬದುಕಿಕೊಂಡಿತು. ಸ್ಟುಡಿಯೋದಲ್ಲಿ ಮಾಡಿದ ಎಷ್ಟೋ ಗಾಯನದ ಮುದ್ರಣಗಳಲ್ಲಿ ಪಿಟೀಲಿನ ಆಲಾಪನೆ ಒಂದು ನಿಮಿಷದ ದಕ್ಷಿಣೆಯಾಗಿದೆ, ಇಲ್ಲವೆ ಪೂರ್ತಿ ಲೋಪವಾಗಿದೆ. ನಾದವನ್ನು ಬೆರೆಸುವ ಯಂತ್ರದ ಮುಂದೆ ಕುಳಿತವನು ಗಾಯಕರ ಧ್ವನಿಯನ್ನು ಮೇಲೆತ್ತಿ ಪಿಟೀಲನ್ನು ಪಕ್ಕದ ಮನೆಯಿಂದ ಬರುವಂತೆ ಕೇಳಿಸುತ್ತಾನೆ. ಪಕ್ಕವಾದ್ಯವೆಂದರೆ ಪಕ್ಕದ ಮನೆಯ ವಾದ್ಯವೆಂದು ಅವನಿಗೆ ಯಾರು ಹೇಳಿದರೋ ತಿಳಿಯದು.

ವ್ಯಾಪಾರಸ್ಥರದು ಇಷ್ಟಾದರೆ ನಮ್ಮ ಸಂಗ್ರಾಹಕರದು ಬೇರೊಂದು ಪರಿ. ಹಿರಿಯರೊಬ್ಬರು ಪ್ರೀತಿಯಿಂದ ಪ್ರತಿಮಾಡಿಕೊಟ್ಟ ಹಳೆಯ ಕಚೇರಿಯ ಟೇಪೊಂದು ನನ್ನಲ್ಲಿದೆ. ತೋಡಿಯ ಆಲಾಪನೆ. ಗಾಯಕರು ತಾರಸ್ಥಾಯಿಯಿಂದ ಇಳಿದು ಷಡ್ಜದಲ್ಲಿ ನಿಂತರು. ಸಭೆಯಿಂದ ‘ಭೇಷ್’ ಎಂದು ಒಂದು ಧ್ವನಿ. ಕಮಾನು ತಂತಿಗೆ ತಾಕಿದ್ದೂ ಕೇಳಿಸಿತು. ಒಡನೆಯೇ ಟಕ್ ಎಂದಿತು, ಕೃತಿ ಶುರುವಾಗಿಬಿಟ್ಟಿತು. ಹತ್ತೋ ಹನ್ನೆರಡೋ ನಿಮಿಷದ ತೋಡಿ ಆ ಒಂದು ‘ಟಕ್’ನಲ್ಲಿ ಅಡಗಿಹೋಗಿದೆ. ಟೇಪು ದುಬಾರಿಯಾಗಿದ್ದ ಕಾಲ, ಉಳಿತಾಯ ಮಾಡಿದೆವು ಎಂದರು. ಇರಬಹುದು. ಆದರೆ ಆ ಪೆಟ್ಟಿಗೆಯ ಮೇಲೆ ‘ಪೂರ್ತಿ ಕಚೇರಿ’ ಎಂದು ಬರೆದಿತ್ತು. ನನ್ನ ಜಗಳ ಆ ಎರಡು ಪದಗಳೊಡನೆ.

ನಾನು ಕನ್ನಡದ ಮೇಷ್ಟರು. ಹಳಗನ್ನಡ ಗ್ರಂಥಗಳ ಸಂಪಾದನೆಯ ಕ್ರಮವನ್ನು ಹುಡುಗರಿಗೆ ವರ್ಷವರ್ಷವೂ ಪಾಠ ಹೇಳುತ್ತೇನೆ. ಓಲೆಗರಿಯಲ್ಲಿ ನಾಲ್ಕಕ್ಷರ ಹುಳು ತಿಂದಿದ್ದರೆ ಸಂಪಾದಕನಾದವನು ಆ ಜಾಗದಲ್ಲಿ ಚುಕ್ಕೆಗಳನ್ನಿಟ್ಟು ‘ಇಲ್ಲಿ ಲುಪ್ತ’ ಎಂದು ತೋರಿಸುತ್ತಾನೆ. ಓಲೆಯನ್ನು ಬರೆದ ಪ್ರತಿಕಾರನು ಕಾವ್ಯ ಕಟ್ಟಿದವನಲ್ಲ. ಆದರೂ ಕೊನೆಯಲ್ಲಿ ಅವನು ತನ್ನ ಹೆಸರು ಬರೆದಿದ್ದರೆ ಅದನ್ನು ಬಿಡದೆ ಅಚ್ಚುಮಾಡುತ್ತೇವೆ. ಹುಳುವಿನ ಕೆಲಸವನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆ ನಮಗಿದೆ. ಕತ್ತರಿಯ ಕೆಲಸವನ್ನು ಒಪ್ಪಿಕೊಳ್ಳುವುದಕ್ಕೇನು ಅಡ್ಡಿ?

ಈ ಅನ್ಯಾಯದ ಅತ್ಯಂತ ದೊಡ್ಡ ಪೆಟ್ಟು ಬಿದ್ದದ್ದು ನಮ್ಮ ಮೈಸೂರು ಟಿ. ಚೌಡಯ್ಯನವರ ಮೇಲೆ. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಭವನ 1980ರಲ್ಲಿ ಎದ್ದುನಿಂತಿತು. ಪಿಟೀಲಿನ ಆಕಾರ, ತಂತಿ, ಕುದುರೆ, ಕಮಾನು ಎಲ್ಲವೂ ಇವೆ. ಊರಿಗೆ ಬಂದ ನೆಂಟರನ್ನು ಕರೆದೊಯ್ದು ತೋರಿಸುತ್ತೇವೆ. ಆದರೆ ನೆಂಟರು ‘ಅವರ ಪಿಟೀಲು ಕೇಳಿಸಿ’ ಎಂದರೆ ಏನನ್ನು ಕೇಳಿಸುತ್ತೇವೆ? ಚೆಂಬೈ ವೈದ್ಯನಾಥ ಭಾಗವತರ ಕಚೇರಿ, ಜಿ. ಎನ್. ಬಾಲಸುಬ್ರಹ್ಮಣ್ಯಂ ಅವರ ಕಚೇರಿ — ಹೀಗೆ ಇನ್ನೊಬ್ಬರ ಹೆಸರಿನಲ್ಲಿ ಹುಡುಕಿ, ನಡುನಡುವೆ ಬೆರಳಿಟ್ಟು, ‘ಅದೋ, ಅದು ಚೌಡಯ್ಯನವರು’ ಎನ್ನಬೇಕು. ಅವರ ಕಲೆಯ ಬಹುಭಾಗ ಪಕ್ಕವಾದ್ಯದ್ದು. ಆ ಬಹುಭಾಗವೇ ಕತ್ತರಿಗೆ ಸಿಕ್ಕಿದ್ದು.

ಇದಕ್ಕಿಂತ ಹೆಚ್ಚಿನ ಹಾನಿ ಇನ್ನೊಂದಿದೆ. ‘ಚೌಡಯ್ಯನವರ ನಾದ ರೆಕಾರ್ಡಿನಲ್ಲಿ ಒರಟು, ಹಳಬರು ಹೊಗಳಿದ್ದೆಲ್ಲ ಅತಿಶಯೋಕ್ತಿ’ ಎಂದು ತೀರ್ಪು ಕೊಡುವ ಯುವಕರನ್ನು ಈಚೆಗೆ ಕಾಣುತ್ತಿದ್ದೇನೆ. ಸ್ವಾಮಿ, ಅವರು ಏಳು ತಂತಿಯ ಪಿಟೀಲನ್ನು ಕಟ್ಟಿಕೊಂಡದ್ದು ಯಾತಕ್ಕೆ? ಧ್ವನಿವರ್ಧಕ ಇನ್ನೂ ಬಳಕೆಗೆ ಬಾರದ ಕಾಲದಲ್ಲಿ, ಘನಶಾರೀರದ ಗಾಯಕರ ಪಕ್ಕದಲ್ಲಿ ನಾಲ್ಕು ತಂತಿಯ ನಾದ ದೊಡ್ಡ ಸಭೆಯ ಹಿಂದಿನವರಿಗೆ ಮುಟ್ಟುತ್ತಿರಲಿಲ್ಲ. 1920ರ ದಶಕದಲ್ಲಿ ಅವರು ಇನ್ನೂ ಮೂರು ತಂತಿ ಸೇರಿಸಿದ್ದು ಆ ಹಿಂದಿನ ಸಾಲಿಗಾಗಿ. ಕೊನೆಯ ಸಾಲಿಗೆಂದು ಬೆಳೆಸಿದ ನಾದವನ್ನು ಮೈಕನ್ನು ಗೇಣು ದೂರದಲ್ಲಿಟ್ಟು ಹಿಡಿದು, ಮೇಲಿನ ಸೂಕ್ಷ್ಮಸ್ವರಗಳನ್ನು ನುಂಗುವ ಹಳೆಯ ಯಂತ್ರದಲ್ಲಿ ಕೊರೆದು, ಪ್ರತಿಯ ಪ್ರತಿಯ ಪ್ರತಿಯನ್ನು ಕಿವಿಗೆ ಸಿಕ್ಕಿಸಿಕೊಂಡು ‘ಒರಟು’ ಎಂದರೆ ಆ ಒರಟುತನ ಯಾರದು? ಅವರ ಗುರುಗಳಾದ ಬಿಡಾರಂ ಕೃಷ್ಣಪ್ಪನವರ ಮನೆಯಲ್ಲಿ ಬೆಳೆದ ಕಿವಿ ಅದು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ‘ಸಂಗೀತ ಕಲಾನಿಧಿ’ ಎಂದು ಕರೆದದ್ದು ಒರಟುತನಕ್ಕಲ್ಲ. 1967ರಲ್ಲಿ ಅವರು ತೀರಿಕೊಂಡ ಮೇಲೆ ಆ ಏಳು ತಂತಿಯ ವಾದ್ಯವನ್ನು ಕೈಬಿಡದೆ ನುಡಿಸಿದವರು ಆರ್. ಆರ್. ಕೇಶವಮೂರ್ತಿಗಳು. ಅವರೂ 2006ರಲ್ಲಿ ಹೋದರು. ಎದುರಿಗೆ ಕುಳಿತು ಕೇಳಿದವರು ಕಡಮೆಯಾದಷ್ಟೂ ರೆಕಾರ್ಡೇ ಸಾಕ್ಷಿಯಾಗುತ್ತದೆ. ಆ ಸಾಕ್ಷಿಯೋ ಅರೆನಾಲಿಗೆಯದು.

‘ಪಿಟೀಲಿನವರಿಗೆ ಅನ್ಯಾಯವೇನು ಬಂತು, ಅವರದೇ ತನಿವಾದನದ ರೆಕಾರ್ಡುಗಳಿಲ್ಲವೆ?’ ಎನ್ನುವವರಿದ್ದಾರೆ. ಇವೆ, ಸಂತೋಷ. ದ್ವಾರಂ ವೆಂಕಟಸ್ವಾಮಿ ನಾಯುಡು ಅವರ ಪುಟ್ಟ ಪ್ಲೇಟುಗಳನ್ನು ಕೇಳಿದವರಿಗೆ, ಮೂರು ನಿಮಿಷದಲ್ಲೂ ಒಂದು ರಾಗವನ್ನು ದಣಿಯಿಸದೆ ನಡೆಸಬಹುದೆಂಬುದು ಗೊತ್ತು. ಲಾಲ್ಗುಡಿ ಜಯರಾಮನ್ 1966ರಲ್ಲಿ ಕೊಳಲು, ವೀಣೆಗಳೊಡನೆ ಪಿಟೀಲನ್ನು ಸೇರಿಸಿ ಕಚೇರಿಯ ಹೊಸದೊಂದು ಪದ್ಧತಿಯನ್ನೇ ಹಾಕಿದರು. ಆದರೆ ಅದೇ ಲಾಲ್ಗುಡಿಯವರು ಗಾಯಕರ ಪಕ್ಕದಲ್ಲಿ ಕುಳಿತಾಗ ನುಡಿಸುತ್ತಿದ್ದದ್ದು ಬೇರೆ ವಿದ್ಯೆ. ತನ್ನ ಮನೆಯಲ್ಲಿ ಮಾತಾಡುವುದಕ್ಕೂ ಇನ್ನೊಬ್ಬರ ಮನೆಯಲ್ಲಿ ಮಾತಾಡುವುದಕ್ಕೂ ವ್ಯತ್ಯಾಸವಿಲ್ಲವೆ? ಒಂದಿದೆಯೆಂದು ಇನ್ನೊಂದನ್ನು ಎಸೆಯುವುದು ಯಾವ ನ್ಯಾಯ?

ನ್ಯಾಯದ ಮಾತು ಬಂದುದರಿಂದ ಕಾನೂನನ್ನೂ ಹೇಳಿಬಿಡುತ್ತೇನೆ. ನಮ್ಮ 1957ರ ಕೃತಿಸ್ವಾಮ್ಯದ ಕಾಯಿದೆಗೆ 2012ರಲ್ಲಿ ಬಂದ ತಿದ್ದುಪಡಿಯಲ್ಲಿ, ಪ್ರದರ್ಶನ ನೀಡಿದ ಕಲಾವಿದನಿಗೆ ತನ್ನನ್ನು ಹೆಸರಿಸಬೇಕೆಂದು ಕೇಳುವ ಹಕ್ಕನ್ನು ಕೊಟ್ಟಿದೆ. ಆ ಪ್ರಕರಣದಲ್ಲಿ ‘ಗಾಯಕನಿಗೆ ಮಾತ್ರ’ ಎಂದು ಬರೆದಿಲ್ಲ. ಹೆಸರು ಬಿಡುವುದು ಬಳಕೆಯ ರೀತಿಯಿಂದಲೇ ಅನಿವಾರ್ಯವಾದರೆ ವಿನಾಯಿತಿ ಉಂಟು, ನಿಜ. ಆದರೆ ಹಾಡಿನ ಪಕ್ಕದಲ್ಲೇ ಜಾಹೀರಾತಿಗೆ ಜಾಗವಿರುವಾಗ ಅನಿವಾರ್ಯತೆಯ ಮಾತನ್ನು ಯಾರು ನಂಬುತ್ತಾರೆ?

ಮಾಡುವ ಮನಸ್ಸಿದ್ದರೆ ಇದು ಕಷ್ಟವೂ ಅಲ್ಲ. ಆಕಾಶವಾಣಿಯವರು — ಆ ಹೆಸರು ಹುಟ್ಟಿದ್ದೇ ನಮ್ಮ ಮೈಸೂರಿನಲ್ಲಿ — ಎಷ್ಟೋ ದಶಕಗಳಿಂದ ಪ್ರತಿಯೊಂದು ಕಚೇರಿಗೂ ಮುನ್ನ ಪಿಟೀಲು ಇಂಥವರು, ಮೃದಂಗ ಇಂಥವರು ಎಂದು ಹೇಳುತ್ತ ಬಂದಿದ್ದಾರೆ. ಕೇಳುಗರು ಬೇಸತ್ತು ರೇಡಿಯೋ ಆರಿಸಿದ್ದನ್ನು ನಾನು ಕಂಡಿಲ್ಲ. ಆದರೆ ಅವರ ಮೇಲೂ ನನ್ನದೊಂದು ಆಕ್ಷೇಪಣೆ ಉಂಟು: ತಮ್ಮ ಭಂಡಾರದಿಂದ ಕೆಲವನ್ನು ಸಿ.ಡಿ.ಗಳಾಗಿ ಹೊರತಂದರಲ್ಲ, ಉಳಿದವಕ್ಕೆ ಕೀಲಿ ಏಕೆ? ಯಾವ ದಿನ, ಯಾವ ಕೇಂದ್ರ, ಯಾರು ಯಾರು ನುಡಿಸಿದರು ಎಂಬ ಪಟ್ಟಿಯನ್ನಾದರೂ ಅಚ್ಚುಹಾಕಿಸಬಾರದೆ?

ಪ್ರಕಟವಾಗಿ ಅರವತ್ತು ವರ್ಷ ಕಳೆದ ಧ್ವನಿಮುದ್ರಿಕೆಗಳ ಮೇಲೆ ಕಂಪೆನಿಗಳಿಗೆ ಸ್ವಾಮ್ಯವಿಲ್ಲ. ದ್ವಾರಂ ಅವರ ಪ್ಲೇಟುಗಳೂ ಚೌಡಯ್ಯನವರ ಪ್ಲೇಟುಗಳೂ ಇಂದು ನಮ್ಮೆಲ್ಲರವು. ಅವುಗಳನ್ನು ತೊಳೆದು, ಹೆಸರು ಬರೆದು, ಕತ್ತರಿಸಿದ್ದರೆ ಕತ್ತರಿಸಿದೆಯೆಂದು ಗುರುತುಹಾಕಿ ಹೊರತರುವ ಕೆಲಸಕ್ಕೆ ಅಪ್ಪಣೆ ಕೇಳಬೇಕಾದ್ದಿಲ್ಲ. ಹೆಸರಿಲ್ಲದ ಟೇಪುಗಳದೇ ಅವಸರದ ಕೆಲಸ. ನಾಲ್ಕು ಸಲ ಕಮಾನು ಎಳೆದರೆ ಸಾಕು, ‘ಇದು ಇಂಥವರ ಕೈ’ ಎಂದು ಹೇಳಬಲ್ಲ ಹಿರಿಯರು ಮೈಸೂರು, ಬೆಂಗಳೂರುಗಳಲ್ಲಿ ಇನ್ನೂ ಕೆಲವರಿದ್ದಾರೆ. ಅವರೆಲ್ಲ ಎಂಬತ್ತು ದಾಟಿದವರು. ರಾಮನವಮಿಯ ಕಚೇರಿಗಳಿಗೆ ಚಪ್ಪರ ಹಾಕಿಸುವ ನಮ್ಮ ಸಭೆಗಳವರು ಒಂದು ಮಧ್ಯಾಹ್ನ ಇಂಥವರನ್ನು ಕೂಡಿಸಿ, ಟೇಪುಗಳನ್ನು ಒಂದೊಂದಾಗಿ ಕೇಳಿಸಿ, ಅವರು ಹೇಳಿದ್ದನ್ನು ಬರೆದುಕೊಳ್ಳಲಿ. ಬರೆದುಕೊಳ್ಳಲು ಹುಡುಗರು ಬೇಕಿದ್ದರೆ ನನ್ನ ತರಗತಿಯಿಂದ ಹತ್ತು ಮಂದಿಯನ್ನು ಕಳಿಸಿಕೊಡುತ್ತೇನೆ.