ಗಾಯಗೊಂಡ ಮಕ್ಕಳ ಹೆಸರು ತಂಡದ ಪಟ್ಟಿಯಲ್ಲಿ ಉಳಿಯಲಿ

ಗೆ,
ಮಾನ್ಯ ಉಪನಿರ್ದೇಶಕರು (ಆಡಳಿತ),
ಶಾಲಾ ಶಿಕ್ಷಣ ಇಲಾಖೆ, ಹಾವೇರಿ.

ಪ್ರತಿಗಳು: ಮಾನ್ಯ ಜಿಲ್ಲಾಧಿಕಾರಿಗಳು, ದೇವಗಿರಿ, ಹಾವೇರಿ, ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯತಿ, ಹಾವೇರಿ, ಸಹಾಯಕ ನಿರ್ದೇಶಕರು, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ, ಹಾವೇರಿ.

ವಿಷಯ: ಶಾಲಾ ಕ್ರೀಡಾಕೂಟಗಳಲ್ಲಿ ಗಾಯಗೊಂಡ ಆಟಗಾರರ ಬದಲಿಗೆ ಬೇರೆಯವರನ್ನು ಆಡಿಸಲು ಅವಕಾಶ ನೀಡುವುದು ಮತ್ತು ಗಾಯಗೊಂಡವರ ಸ್ಥಾನ, ಪ್ರಮಾಣಪತ್ರ, ಚಿಕಿತ್ಸೆಗೆ ಲಿಖಿತ ರಕ್ಷಣೆ ಒದಗಿಸುವ ಕುರಿತು.

ಮಾನ್ಯರೇ,

ಕಬಡ್ಡಿಯಲ್ಲಿ ಅಂಕಣಕ್ಕೆ ಇಳಿಯುವವರು 7 ಮಂದಿ, ಪಟ್ಟಿಯಲ್ಲಿ ಇರುವವರು ಹೆಚ್ಚೆಂದರೆ 12. ಖೋ ಖೋದಲ್ಲಿ 9 ಮಂದಿ ಆಡಿದರೆ ಹೊರಗೆ ಕಾಯುವವರು 3. ಮುಖ್ಯ ಶಿಕ್ಷಕರ ಸಹಿ, ಶಾಲೆಯ ಮೊಹರು, ಮಕ್ಕಳ ಫೋಟೊಗಳೊಂದಿಗೆ ಈ ಹೆಸರುಗಳ ಪ್ರವೇಶ ಪತ್ರ ಸಿದ್ಧವಾಗುತ್ತದೆ. ಗೆದ್ದ ತಂಡ ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ಬೆಳಗಾವಿ ವಿಭಾಗಕ್ಕೆ, ಕೊನೆಗೆ ರಾಜ್ಯ ಮಟ್ಟಕ್ಕೆ ಹೋಗುತ್ತದೆ. ಈ ದಾರಿಯಲ್ಲಿ ಒಂದು ಮೊಣಕಾಲು ತಿರುಚಿದರೆ ಆ ಮಗುವಿನ ಗತಿ ಏನು, ಅದರ ಜಾಗಕ್ಕೆ ಯಾರು ಬರಬೇಕು? ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಪಾಲಕರು, ಹಳೆಯ ಆಟಗಾರರು ಮತ್ತು ಕ್ರೀಡಾಭಿಮಾನಿಗಳಾದ ಈ ಅರ್ಜಿದಾರರ ಕೈಗೆ ಇದಕ್ಕೆ ಸ್ಪಷ್ಟವಾದ ಲಿಖಿತ ಉತ್ತರ ಇದುವರೆಗೂ ಸಿಕ್ಕಿಲ್ಲ.

ಬ್ಯಾಡಗಿ ತಾಲ್ಲೂಕಿನ ಯಾವುದೋ ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಕಬಡ್ಡಿ ತಂಡದ ಮುಖ್ಯ ರೈಡರ್ ಅವಳೇ. ತಾಲ್ಲೂಕು ಮಟ್ಟದ ಫೈನಲ್‌ನಲ್ಲಿ ಎದುರಾಳಿಗಳು ಕಾಲು ಹಿಡಿದು ಎಳೆದಾಗ ಮೊಣಕಾಲಿನೊಳಗೆ ಏನೋ ಲಟಕ್ಕೆಂದ ಅನುಭವ. ಜಿಲ್ಲಾ ಮಟ್ಟದ ಪಂದ್ಯಕ್ಕೆ ಇನ್ನು ಕೆಲವೇ ದಿನ. ನೋವಿದೆ ಎಂದರೆ ಪಟ್ಟಿಯಿಂದ ಹೆಸರು ಹೋಗುತ್ತದೆ, ಜೊತೆಗೆ ಮುಂದಿನ ಹಂತದ ಪ್ರಮಾಣಪತ್ರವೂ ಹೋಗುತ್ತದೆ. ಬದಲಿಗೆ ಬೇರೆ ಹುಡುಗಿಯನ್ನು ಸೇರಿಸಲು ಆಗದಿದ್ದರೆ ತಂಡ 11 ಮಂದಿಗೆ ಇಳಿಯುತ್ತದೆ, ಗೆಳತಿಯರಿಗೆ ತನ್ನಿಂದ ಮೋಸವಾಯಿತೆಂದು ಅವಳಿಗೆ ಅನಿಸುತ್ತದೆ. ಏನೂ ಹೇಳದೆ ಬಿಗಿಯಾಗಿ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ನಿಂತರೆ ಎರಡೂ ಉಳಿಯುತ್ತವೆ. ಹದಿನಾಲ್ಕು ವರ್ಷದ ಮಗು ಎರಡನೆಯ ದಾರಿಯನ್ನೇ ಹಿಡಿಯುತ್ತದೆ. ಇದರಲ್ಲಿ ಮಗುವಿನ ತಪ್ಪಿಲ್ಲ. ನೋವನ್ನು ಮುಚ್ಚಿಟ್ಟವರಿಗೆ ಲಾಭ, ಬಾಯಿಬಿಟ್ಟವರಿಗೆ ನಷ್ಟ ಎಂಬ ವ್ಯವಸ್ಥೆಯನ್ನು ದೊಡ್ಡವರು ಕಟ್ಟಿಟ್ಟಿದ್ದಾರೆ. ಅರ್ಜಿದಾರರು ಬದಲಾಯಿಸಿ ಎಂದು ಕೇಳುತ್ತಿರುವುದು ಇದೊಂದನ್ನೇ.

ಮುಚ್ಚಿಟ್ಟ ಗಾಯದ ಬೆಲೆ ದೊಡ್ಡದು. ಪಾದದ ಕೀಲಿನ ಸಾಧಾರಣ ಉಳುಕು ವಿಶ್ರಾಂತಿ ಸಿಕ್ಕರೆ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ. ಮೊಣಕಾಲಿನ ಒಳಗಿನ ಎಸಿಎಲ್ ಎಂಬ ಲಿಗಮೆಂಟ್ ಹರಿದರೆ ಕಥೆಯೇ ಬೇರೆ. ಶಸ್ತ್ರಚಿಕಿತ್ಸೆಯಾದ ಮೇಲೂ ಕನಿಷ್ಠ 9 ತಿಂಗಳು ಸ್ಪರ್ಧೆಗೆ ಮರಳಬಾರದು ಎಂದು ಕ್ರೀಡಾ ವೈದ್ಯರು ಎಚ್ಚರಿಸುತ್ತಾರೆ, ಅವಸರಪಟ್ಟವರಿಗೆ ಅದೇ ಗಾಯ ಮರುಕಳಿಸುವ ಅಪಾಯ ಹೆಚ್ಚು. ತಟ್ಟನೆ ದಿಕ್ಕು ಬದಲಿಸುವ, ಜಿಗಿದು ಇಳಿಯುವ ಆಟಗಳಲ್ಲಿ ಈ ಗಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು ಎಂಬುದು ವೈದ್ಯಲೋಕ ಒಪ್ಪಿರುವ ಮಾತು. ನಮ್ಮ ಹಳ್ಳಿಗಳ ಮಕ್ಕಳು ಮಣ್ಣಿನ ಅಂಕಣದಲ್ಲಿ ಬರಿಗಾಲಲ್ಲಿ ಆಡಿ ಬೆಳೆದವರು. ಮೇಲಿನ ಹಂತಕ್ಕೆ ಹೋದಾಗ ಶೂ ಹಾಕಿಕೊಂಡು ಮ್ಯಾಟ್ ಮೇಲೆ ಆಡಬೇಕಾಗುತ್ತದೆ. ಮಣ್ಣಿನಲ್ಲಿ ಜಾರುತ್ತಿದ್ದ ಪಾದ ಮ್ಯಾಟ್ ಮೇಲೆ ಕಚ್ಚಿ ನಿಲ್ಲುತ್ತದೆ, ಮೈ ತಿರುಗುತ್ತದೆ, ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಮೊದಲೇ ಪೆಟ್ಟಾದ ಕಾಲಾದರೆ ಕೇಳುವುದೇ ಬೇಡ.

ಒಂದು ಪ್ರಮಾಣಪತ್ರಕ್ಕೆ ಇಷ್ಟು ಒದ್ದಾಟವೇ ಎಂದು ಯಾರಾದರೂ ಕೇಳಬಹುದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ತಾಯಂದಿರಿಗೆ, ರಾಣೆಬೆನ್ನೂರಿನ ಬೀಜೋತ್ಪಾದನೆಯ ಹೊಲಗಳಲ್ಲಿ ದಿನಗೂಲಿ ಮಾಡುವ ತಂದೆಯರಿಗೆ ಆ ಪ್ರಮಾಣಪತ್ರದ ಬೆಲೆ ಗೊತ್ತು. ವೃತ್ತಿಶಿಕ್ಷಣ ಕೋರ್ಸುಗಳಿಗೆ ಕ್ರೀಡಾ ಕೋಟಾ ಇದೆ, ಪೊಲೀಸ್ ನೇಮಕಾತಿಯಲ್ಲಿ ಕ್ರೀಡಾ ಮೀಸಲಾತಿ ಇದೆ, ಸರ್ಕಾರಿ ಕ್ರೀಡಾ ವಸತಿನಿಲಯಗಳ ಆಯ್ಕೆ ಇದೆ. ಎಲ್ಲೆಡೆ ಮೊದಲು ಕೇಳುವುದು ಯಾವ ಮಟ್ಟದವರೆಗೆ ಆಡಿದ್ದೀರಿ ಎಂದು. ಮಕ್ಕಳ ಕನಸು ಕೋಟಾಕ್ಕೇ ನಿಲ್ಲುವುದೂ ಇಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನ ಫೈನಲ್‌ಗಳಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ, ಪುರುಷರು 54–36ರಿಂದ ಸೋಲಿಸಿದರು. ಆ ತಂಡಗಳಲ್ಲಿ ಕರ್ನಾಟಕದ ಬಿ. ಚೈತ್ರಾ ಮತ್ತು ಎಂ.ಕೆ. ಗೌತಮ್ ಇದ್ದರು. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಕಬಡ್ಡಿಯಲ್ಲಿ ಕಾರ್ಕಳ ಕಡೆಯಿಂದ ಬಂದ ಮಮತಾ ಪೂಜಾರಿ 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಹಳ್ಳಿಯ ಮೈದಾನದಿಂದ ಅಷ್ಟು ದೂರ ಹೋಗಬಹುದು ಎಂದು ನಮ್ಮ ಮಕ್ಕಳು ನಂಬಿದ್ದಾರೆ. ಹದಿನಾಲ್ಕಕ್ಕೇ ಮೊಣಕಾಲು ಕಳೆದುಕೊಂಡರೆ ಆ ದಾರಿ ಅಲ್ಲಿಗೇ ಮುಗಿಯುತ್ತದೆ.

ಅರ್ಜಿದಾರರು ಕೇಳುತ್ತಿರುವುದು ಎಲ್ಲೂ ಇಲ್ಲದ ರಿಯಾಯಿತಿಯನ್ನಲ್ಲ. ಪ್ರತಿ ದೈಹಿಕ ಶಿಕ್ಷಣ ಶಿಕ್ಷಕರಿಗೂ ಗೊತ್ತಿರುವ ವಾಲಿಬಾಲ್ ನಿಯಮವನ್ನೇ ನೋಡಬಹುದು. ಅಲ್ಲಿ ಒಂದು ಸೆಟ್‌ಗೆ 6 ಬದಲಾವಣೆಗಳ ಮಿತಿ ಇದೆ. ಮಿತಿ ಮುಗಿದ ಮೇಲೆ ಯಾರಿಗಾದರೂ ಪೆಟ್ಟಾದರೆ ಅಂಕಣದ ಹೊರಗಿರುವ ಆಟಗಾರರಲ್ಲಿ ಲಿಬೆರೊ (ರಕ್ಷಣೆಗಷ್ಟೇ ಇರುವ ಆಟಗಾರ) ಬಿಟ್ಟು ಬೇರೊಬ್ಬರನ್ನು ವಿಶೇಷ ಬದಲಾವಣೆಯಾಗಿ ಒಳಗೆ ಕಳಿಸಬಹುದು. ಗಾಯಗೊಂಡವರು ಮಾತ್ರ ಆ ಪಂದ್ಯಕ್ಕೆ ಮರಳುವಂತಿಲ್ಲ. ಗಾಯಕ್ಕೂ ದಾರಿ ಸಿಕ್ಕಿತು, ಗಾಯದ ನೆಪಕ್ಕೂ ಬೀಗ ಬಿತ್ತು.

ಕ್ರಿಕೆಟ್ ಈ ಪಾಠ ಕಲಿತದ್ದು ತಡವಾಗಿ. ತಲೆಗೆ ಪೆಟ್ಟಾದವರ ಬದಲಿಗೆ ಇನ್ನೊಬ್ಬರು ಬ್ಯಾಟ್ ಮಾಡಬಹುದೆಂಬ ನಿಯಮ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಜಾರಿಗೆ ಬಂದದ್ದು 2019ರ ಆಗಸ್ಟ್‌ನಲ್ಲಿ. ಅದೇ ತಿಂಗಳು ಲಾರ್ಡ್ಸ್‌ನಲ್ಲಿ ಸ್ಟೀವ್ ಸ್ಮಿತ್ ಜಾಗಕ್ಕೆ ಮಾರ್ನಸ್ ಲಾಬುಷೇನ್ ಬಂದರು. ಕೈಕಾಲಿನ ಗಾಯಕ್ಕೆ ಮಾತ್ರ ಆ ಅವಕಾಶ ಇರಲಿಲ್ಲ. 2025ರ ಜುಲೈನಲ್ಲಿ ಮ್ಯಾಂಚೆಸ್ಟರ್ ಟೆಸ್ಟ್‌ನಲ್ಲಿ ರಿಷಭ್ ಪಂತ್ ಪಾದದ ಎಲುಬು ಮುರಿದುಕೊಂಡೂ ಕುಂಟುತ್ತ ಬಂದು ಅರ್ಧಶತಕ ಪೂರೈಸಿದರು. ಮುಂದಿನ ಓವಲ್ ಟೆಸ್ಟ್‌ನಲ್ಲಿ ಭುಜದ ಕೀಲು ತಪ್ಪಿದ್ದ ಇಂಗ್ಲೆಂಡಿನ ಕ್ರಿಸ್ ವೋಕ್ಸ್ ಒಂದು ಕೈಯನ್ನು ಎದೆಗೆ ಕಟ್ಟಿಕೊಂಡು ಕ್ರೀಸಿಗೆ ಬಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ತಟ್ಟಬೇಕಾದದ್ದೇ. ಆದರೆ ಆಗಸ್ಟ್‌ನಲ್ಲೇ ಬಿಸಿಸಿಐ ತನ್ನ ದೇಶೀಯ ಬಹುದಿನಗಳ ಪಂದ್ಯಗಳಿಗೆ ಗಂಭೀರ ಗಾಯದ ಬದಲಿ ಆಟಗಾರ ಎಂಬ ನಿಯಮ ತಂದಿತು. ಗಾಯ ಆ ಪಂದ್ಯದಲ್ಲೇ ಆಗಿರಬೇಕು, ಬದಲಿ ಆಟಗಾರ ಅದೇ ಬಗೆಯ ಆಟದವನಾಗಿರಬೇಕು, ತೀರ್ಮಾನ ಮ್ಯಾಚ್ ರೆಫರಿಯದು. ವೃತ್ತಿಪರ ಆಟಗಾರರಿಗೇ ಈ ರಕ್ಷಣೆ ಬೇಕೆನಿಸಿರುವಾಗ ಶಾಲಾ ಮಕ್ಕಳಿಗೆ ಬೇಡವೆನ್ನಲು ಅರ್ಜಿದಾರರಿಗೆ ಕಾರಣವೇ ಕಾಣುವುದಿಲ್ಲ.

ಈ ಭಾಗದ ಜನರ ನೆಚ್ಚಿನ ಕುಸ್ತಿಯಲ್ಲೂ ಇಂಥ ಒಂದು ಕಲಮು ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚು ತೂಗಿ ಫೈನಲ್‌ನಿಂದ ಹೊರಬಿದ್ದಾಗ ದೇಶವೆಲ್ಲ ತೂಕದ ನಿಯಮವನ್ನು ಓದಿತು. ಮೊದಲ ದಿನದ ಸೆಣಸಾಟದಲ್ಲೇ ಗಾಯಗೊಂಡವರು ಎರಡನೇ ದಿನ ತೂಕಕ್ಕೆ ನಿಲ್ಲಬೇಕಿಲ್ಲ, ಅಲ್ಲಿಯವರೆಗೆ ಗಳಿಸಿದ ಫಲಿತಾಂಶ ಅವರದೇ ಎಂದೂ ಆ ನಿಯಮ ಹೇಳುತ್ತದೆ. ಕಣದಲ್ಲಿ ಪೆಟ್ಟಾದವರ ಗಳಿಕೆಯನ್ನು ಕಸಿಯಬಾರದು ಎಂಬ ಈ ತತ್ವವನ್ನೇ ಅರ್ಜಿದಾರರು ಪ್ರಮಾಣಪತ್ರಕ್ಕೂ ಅನ್ವಯಿಸಿ ಎನ್ನುತ್ತಾರೆ.

ದೂರದ ಇನ್ನೊಂದು ಆಟವನ್ನೂ ಇಲ್ಲಿ ನೆನೆಯಬಹುದು. ಚಿಯರ್‌ಲೀಡಿಂಗ್ ಎಂದರೆ ನಮ್ಮಲ್ಲಿ ಐಪಿಎಲ್ ಗಡಿಗೆರೆಯ ಕುಣಿತವಷ್ಟೇ ನೆನಪಾಗುತ್ತದೆ. ಸ್ಪರ್ಧಾತ್ಮಕ ಚಿಯರ್‌ಲೀಡಿಂಗ್ ಬೇರೆಯೇ, ಒಬ್ಬರ ಹೆಗಲ ಮೇಲೊಬ್ಬರು ನಿಂತು, ಮೇಲಕ್ಕೆ ಎಸೆದವರನ್ನು ಹಿಡಿಯುವ ಕಠಿಣ ಆಟ. ಅದರ ಜಾಗತಿಕ ಒಕ್ಕೂಟಕ್ಕೆ 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಪೂರ್ಣ ಮಾನ್ಯತೆ ಸಿಕ್ಕಿದೆ. 2020ರ ಸಾಕ್ಷ್ಯಚಿತ್ರ ಸರಣಿಯೊಂದರಿಂದ ಹೆಸರಾದ ಟೆಕ್ಸಾಸ್‌ನ ನವಾರೊ ಕಾಲೇಜಿನ ತಂಡದಲ್ಲಿ ಸುಮಾರು 40 ಮಂದಿ ಅಭ್ಯಾಸ ಮಾಡುತ್ತಾರೆ, ಸ್ಪರ್ಧೆಯ ಮ್ಯಾಟ್ ಏರುವವರು 20. ಆ ಇಪ್ಪತ್ತರಲ್ಲಿ ಉಳಿಯಲು ನೋವು ನುಂಗಿಕೊಂಡು ಅಭ್ಯಾಸ ಮಾಡುವವರನ್ನು ಆ ಸರಣಿ ತೋರಿಸಿತು. ಬದಲಿಯವರು ಸಿದ್ಧರಿದ್ದರೂ ನೋವು ಬಚ್ಚಿಡುವುದು ನಿಲ್ಲಲಿಲ್ಲ, ಏಕೆಂದರೆ ಜಾಗ ಬಿಟ್ಟರೆ ಮರಳಿ ಸಿಗುವ ಭರವಸೆ ಇರಲಿಲ್ಲ. ಬದಲಿ ಆಟಗಾರರಷ್ಟೇ ಸಾಲದು, ಗಾಯಗೊಂಡವರಿಗೆ ಮರಳುವ ಹಕ್ಕೂ ಬೇಕು. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಋತುವಿನ ಮೊದಲ ಅರ್ಧದಲ್ಲಿ, ಶೇ 30ರಷ್ಟು ಪಂದ್ಯಗಳನ್ನೂ ದಾಟದೆ ಗಾಯಗೊಂಡು ಹೊರಗುಳಿದವರು ಆ ವರ್ಷದ ಅರ್ಹತೆಯನ್ನು ಮರಳಿ ಕೇಳಬಹುದು.

ಪಟ್ಟಿಯನ್ನು ಬಿಗಿಯಾಗಿಟ್ಟಿರುವುದಕ್ಕೂ ಕಾರಣವಿದೆ ಎಂಬುದನ್ನು ಅರ್ಜಿದಾರರು ಬಲ್ಲರು. ವಯಸ್ಸು ಮೀರಿದವರನ್ನು, ಬೇರೆ ಶಾಲೆಯ ಬಲಿಷ್ಠ ಆಟಗಾರರನ್ನು ಕೊನೆಯ ಗಳಿಗೆಯಲ್ಲಿ ತೂರಿಸುವ ಚಾಳಿ ಶಾಲಾ ಕ್ರೀಡೆಯ ಹಳೆಯ ರೋಗ. ಪಟ್ಟಿ ಸಡಿಲಾದರೆ ಸುಳ್ಳು ಗಾಯಗಳ ಚೀಟಿಗಳು ಬರುತ್ತವೆ ಎಂಬ ಅಂಜಿಕೆ ನ್ಯಾಯವಾದದ್ದೇ. ಆದರೆ ಇಂದು ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದು ಸಂಖ್ಯೆ ಇದೆ. ಯಾವ ಶಾಲೆ, ಯಾವ ತರಗತಿ, ಜನ್ಮದಿನಾಂಕ ಯಾವುದು ಎಂಬುದು ಕ್ಷಣದಲ್ಲಿ ತೆರೆದುಕೊಳ್ಳುತ್ತದೆ. ಆಟದ 12 ಹೆಸರುಗಳ ಜೊತೆಗೇ 3 ಕಾಯ್ದಿರಿಸಿದ ಹೆಸರುಗಳನ್ನು ಮೊದಲ ದಿನವೇ ಬರೆಸಿಕೊಂಡರೆ ಹೊರಗಿನವರು ನುಸುಳಲು ದಾರಿಯೇ ಇರದು.

ಆದ್ದರಿಂದ ಮೊದಲ ಬೇಡಿಕೆ ಇದು: ಕಬಡ್ಡಿ, ಖೋ ಖೋ ಸೇರಿದಂತೆ ಎಲ್ಲ ಗುಂಪು ಆಟಗಳ ಪ್ರವೇಶ ಪತ್ರದಲ್ಲಿ ಅದೇ ಶಾಲೆಯ, ಅದೇ ವಯೋಮಿತಿಯ 3 ಕಾಯ್ದಿರಿಸಿದ ಆಟಗಾರರ ಹೆಸರು ಪಡೆಯಬೇಕು. ಒಂದು ಹಂತ ಮುಗಿದು ಮುಂದಿನ ಹಂತ ಶುರುವಾಗುವ ನಡುವೆ, ಸರ್ಕಾರಿ ವೈದ್ಯರ ಪ್ರಮಾಣಪತ್ರದ ಮೇಲೆ ಗಾಯಗೊಂಡವರ ಜಾಗಕ್ಕೆ ಅವರು ಬರುವಂತಾಗಬೇಕು. ಆಡುವ ಪಟ್ಟಿ 12 ದಾಟಬೇಕಿಲ್ಲ, ಆಟದ ನಿಯಮಕ್ಕೂ ಧಕ್ಕೆಯಿಲ್ಲ.

ಎರಡನೆಯದು, ಗಾಯದಿಂದ ಹೊರಗುಳಿದ ಮಗು ವಾಸಿಯಾಗಿದೆ ಎಂದು ವೈದ್ಯರು ಬರೆದುಕೊಟ್ಟರೆ ಮುಂದಿನ ಯಾವುದೇ ಹಂತದಲ್ಲಿ ತನ್ನ ಸ್ಥಾನಕ್ಕೆ ಮರಳಬೇಕು. ತಾಲ್ಲೂಕು ಮಟ್ಟದಲ್ಲಿ ಕಾಲು ಉಳುಕಿದವರು ವಿಭಾಗ ಮಟ್ಟದ ಹೊತ್ತಿಗೆ ಓಡಬಲ್ಲವರಾಗಬಹುದು. ಸುಳ್ಳು ಚೀಟಿ ತಡೆಯಲು ವೈದ್ಯರು ಸೂಚಿಸಿದ ವಿಶ್ರಾಂತಿಯ ಅವಧಿ ಮುಗಿಯುವ ಮುನ್ನ ಮರಳುವಂತಿಲ್ಲ ಎಂದು ಕಡ್ಡಾಯ ಮಾಡಲಿ, ಅರ್ಜಿದಾರರೇ ಅದನ್ನು ಬೆಂಬಲಿಸುತ್ತಾರೆ.

ಪ್ರಮಾಣಪತ್ರದ ವಿಷಯದಲ್ಲಿ ರಾಜಿ ಇಲ್ಲ. ತಂಡವನ್ನು ಮುಂದಿನ ಹಂತಕ್ಕೆ ಗೆಲ್ಲಿಸಿಕೊಟ್ಟು, ಅಧಿಕೃತ ಪಂದ್ಯದಲ್ಲಿ ಗಾಯಗೊಂಡವರಿಗೆ ಆ ಮುಂದಿನ ಹಂತದ ಪ್ರಮಾಣಪತ್ರವೂ ಸಿಗಬೇಕು. ಕ್ರೀಡಾ ವಸತಿನಿಲಯದ ವಿದ್ಯಾರ್ಥಿಗಳಾದರೆ ಗಾಯದ ಕಾರಣಕ್ಕೆ ಒಂದು ವರ್ಷದವರೆಗೆ ಅವರ ಸೀಟು ತಪ್ಪಿಸಬಾರದು. ದಸರಾ ಕ್ರೀಡಾಕೂಟಕ್ಕೂ ಇದೇ ನಿಯಮ ಇರಲಿ ಎಂದು ಯುವ ಸಬಲೀಕರಣ ಇಲಾಖೆಗೆ ಈ ಮೂಲಕ ವಿನಂತಿ.

ಚಿಕಿತ್ಸೆಯ ಮಾತು ಉಳಿದಿದೆ. 1982ರಿಂದಲೇ ಕ್ರೀಡಾಪಟುಗಳ ರಾಷ್ಟ್ರೀಯ ಕಲ್ಯಾಣ ನಿಧಿ ಇದೆ, ಅದು ಹೆಸರು ಮಾಡಿದವರಿಗೆ. ಹೋಬಳಿ ಮಟ್ಟದಲ್ಲಿ ಬಿದ್ದ ಮಗುವಿಗೆ ಸಿಗುವುದು ಐಸ್ ಗಡ್ಡೆ, ಸ್ಪ್ರೇ, ಪಿ.ಟಿ. ಮಾಸ್ತರರ ಬೈಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಇದೆ, ಹಲವು ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಆ ಪತ್ರಕ್ಕಾಗಿ, ಆಮೇಲೆ ಹುಬ್ಬಳ್ಳಿಗೋ ದಾವಣಗೆರೆಗೋ ಅಲೆಯುವ ಪ್ರತಿ ದಿನವೂ ಪಾಲಕರ ಒಂದು ದಿನದ ಕೂಲಿ ಹೋಗುತ್ತದೆ. ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಕೂಟ ನಡೆಯುವ ಮೈದಾನದಲ್ಲಿ ಒಬ್ಬ ಸರ್ಕಾರಿ ವೈದ್ಯರು ಮತ್ತು ಆಂಬುಲೆನ್ಸ್ ಇರಲೇಬೇಕು. ಗಾಯದ ವಿವರವನ್ನು ಅಲ್ಲೇ ವಹಿಯಲ್ಲಿ ದಾಖಲಿಸಿ, ಶಿಫಾರಸು ಪತ್ರವನ್ನು ಅಲ್ಲೇ ಕೊಡುವಂತಾಗಬೇಕು. ಜಿಲ್ಲೆಯಲ್ಲೇ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬಂದಿರುವಾಗ, ಕ್ರೀಡಾಕೂಟದ ತಿಂಗಳುಗಳಲ್ಲಿ ವಾರಕ್ಕೊಂದು ದಿನ ಎಲುಬು–ಕೀಲು ವೈದ್ಯರು ಆಟಗಾರ ಮಕ್ಕಳನ್ನು ನೋಡುವ ಏರ್ಪಾಡನ್ನು ಜಿಲ್ಲಾಧಿಕಾರಿಗಳು ಮನಸ್ಸು ಮಾಡಿದರೆ ಮಾಡಿಸಬಲ್ಲರು.

ಇವುಗಳಲ್ಲಿ ವೈದ್ಯರ ನೇಮಕ, ಗಾಯದ ವಹಿ, ಶಿಫಾರಸು ಪತ್ರ, ತಾಲ್ಲೂಕು–ಜಿಲ್ಲಾ ಹಂತದ ಕಾಯ್ದಿರಿಸಿದ ಹೆಸರುಗಳು ಜಿಲ್ಲೆಯೊಳಗೇ ಆಗಬಹುದಾದ ಕೆಲಸಗಳು. ವಿಭಾಗ ಮತ್ತು ರಾಜ್ಯ ಮಟ್ಟದ ನಿಯಮ ಬದಲಿಸುವುದು ಬೆಂಗಳೂರಿನ ಕೈಯಲ್ಲಿದೆ. ಮಾನ್ಯ ಉಪನಿರ್ದೇಶಕರು ಮೊದಲಿನವನ್ನು ಮುಂದಿನ ಕ್ರೀಡಾಕೂಟದ ಸುತ್ತೋಲೆಯಲ್ಲೇ ಸೇರಿಸಿ, ಉಳಿದವನ್ನು ತಮ್ಮ ಶಿಫಾರಸಿನೊಂದಿಗೆ ಶಾಲಾ ಶಿಕ್ಷಣ ಇಲಾಖೆಯ ಆಯುಕ್ತರಿಗೆ ಕಳುಹಿಸಬೇಕು. ಅದಕ್ಕೂ ಮುನ್ನ ದೈಹಿಕ ಶಿಕ್ಷಣ ಶಿಕ್ಷಕರು, ವೈದ್ಯರು ಮತ್ತು ಪಾಲಕರನ್ನು ಒಂದು ಸಭೆಗೆ ಕರೆಯಬೇಕು, ಆ ಸಭೆಯಲ್ಲಿ ಗಾಯಗೊಂಡ ಮಕ್ಕಳ ಮಾತನ್ನೂ ಕೇಳಬೇಕು ಎಂದು ಅರ್ಜಿದಾರರು ವಿನಯಪೂರ್ವಕವಾಗಿ ಒತ್ತಾಯಿಸುತ್ತಾರೆ.

ತಮ್ಮ ವಿಶ್ವಾಸಿಗಳು,
ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳ ಆಟಗಾರ ಮಕ್ಕಳ ಪಾಲಕರು, ಹಳೆಯ ಆಟಗಾರರು ಮತ್ತು ಕ್ರೀಡಾಭಿಮಾನಿಗಳು