ನಗಿಸಲು ಬಂದ ಅಪ್ಪ, ನಗಲಾರದ ಮಗಳು



ಗಣಿತದ ಉತ್ತರ ಸರಿಯಿದ್ದು ಕ್ರಮ ತಪ್ಪಿದ್ದರೆ ನಮ್ಮ ಕಾಲದಲ್ಲಿ ಪೂರ್ಣ ಅಂಕ ಸಿಗುತ್ತಿರಲಿಲ್ಲ. ನಿಮ್ಮಲ್ಲಿ ಹಲವರಿಗೆ ಅದರ ನೋವು ಇನ್ನೂ ನೆನಪಿರಬಹುದು. ಕಲಾಕೃತಿಗಳ ವಿಮರ್ಶೆಗೂ ಇದೇ ನಿಯಮ ಅನ್ವಯಿಸಬೇಕೆಂಬುದು ನನ್ನ ಅಭಿಪ್ರಾಯ. ಕೃತಿ ಶ್ರೇಷ್ಠವೆಂಬ ತೀರ್ಮಾನ ಸರಿಯಾಗಿದ್ದರೂ, ಅದಕ್ಕೆ ಕೊಟ್ಟ ಕಾರಣ ತಪ್ಪಾಗಿದ್ದರೆ ಕೃತಿಗೆ ನ್ಯಾಯ ಸಂದಂತಾಗುವುದಿಲ್ಲ. ಜರ್ಮನಿಯ ನಿರ್ದೇಶಕಿ ಮಾರೆನ್ ಆಡೆ ಅವರ ‘ಟೋನಿ ಎರ್ಡ್‌ಮನ್’ ಎಂಬ ಚಲನಚಿತ್ರಕ್ಕೆ ಆದದ್ದು ಇದೇ.

ಮೊದಲು ಕಥೆಯನ್ನು ಸಂಗ್ರಹವಾಗಿ ಹೇಳುತ್ತೇನೆ. ವಿನ್‌ಫ್ರೀಡ್ ಎಂಬಾತ ವಯಸ್ಸಾದ ಸಂಗೀತದ ಮೇಷ್ಟ್ರು. ಮಡದಿಯಿಂದ ದೂರವಾಗಿ ಒಂಟಿಯಾಗಿರುವವನು. ಕುಚೇಷ್ಟೆ ಅವನ ಹುಟ್ಟುಗುಣ. ಮಗಳು ಇನೆಸ್ ರುಮೇನಿಯದ ರಾಜಧಾನಿ ಬುಖಾರೆಸ್ಟ್‌ನಲ್ಲಿ ಆಡಳಿತ ಸಲಹೆಗಾರ್ತಿ. ತೈಲ ಕಂಪನಿಯೊಂದರ ಕೆಲಸಗಳನ್ನು ಹೊರಗುತ್ತಿಗೆಗೆ ಕೊಡುವ ಯೋಜನೆ ಸಿದ್ಧಪಡಿಸುವುದು ಅವಳ ಉದ್ಯೋಗ. ಸಾಕುನಾಯಿ ಸತ್ತ ಮೇಲೆ ಅಪ್ಪ ಹೇಳದೆ ಕೇಳದೆ ಮಗಳಲ್ಲಿಗೆ ಬರುತ್ತಾನೆ. ಕೆಲವು ದಿನಗಳು ಇಬ್ಬರಿಗೂ ಇರುಸುಮುರುಸಿನಲ್ಲೇ ಕಳೆಯುತ್ತವೆ. ಹೊರಟುಹೋದನೆಂದು ಮಗಳು ನಿಟ್ಟುಸಿರು ಬಿಡುವಷ್ಟರಲ್ಲಿ ಆತ ತಲೆಗೆ ಟೋಪನ್, ಬಾಯಿಗೆ ಉಬ್ಬುಹಲ್ಲಿನ ಸೆಟ್ ಧರಿಸಿ, ‘ಟೋನಿ ಎರ್ಡ್‌ಮನ್’ ಎಂಬ ಸುಳ್ಳು ಹೆಸರಿನಲ್ಲಿ ಅವಳ ಸ್ನೇಹಿತೆಯರ ನಡುವೆ ಪ್ರತ್ಯಕ್ಷನಾಗುತ್ತಾನೆ. ಮುಂದಿನದು ಸುಮಾರು ೧೬೨ ನಿಮಿಷಗಳ ಈ ದೀರ್ಘ ಚಿತ್ರದ ಉಳಿದ ಭಾಗ.

೨೦೧೬ರ ಮೇ ತಿಂಗಳಿನಲ್ಲಿ ಕಾನ್ ಚಿತ್ರೋತ್ಸವದಲ್ಲಿ ಇದು ತೆರೆಕಂಡಾಗ ವಿಮರ್ಶಕರು ಹಾಡಿ ಹೊಗಳಿದರು. ಅಂತರರಾಷ್ಟ್ರೀಯ ವಿಮರ್ಶಕರ ಒಕ್ಕೂಟದ ಪ್ರಶಸ್ತಿಯೂ ಬಂತು. ಆದರೆ ಜಾರ್ಜ್ ಮಿಲ್ಲರ್ ಅಧ್ಯಕ್ಷತೆಯ ಪ್ರಧಾನ ತೀರ್ಪುಗಾರರ ಮಂಡಳಿ ಇದಕ್ಕೆ ಒಂದು ಬಹುಮಾನವನ್ನೂ ಕೊಡಲಿಲ್ಲ. ಆ ವರ್ಷದ ಪರಮೋಚ್ಚ ಪ್ರಶಸ್ತಿ ಕೆನ್ ಲೋಚ್ ಅವರ ‘ಐ, ಡೇನಿಯಲ್ ಬ್ಲೇಕ್’ ಚಿತ್ರದ ಪಾಲಾಯಿತು. ವರ್ಷಾಂತ್ಯದಲ್ಲಿ ಯುರೋಪಿಯನ್ ಚಲನಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ಚಿತ್ರ, ನಿರ್ದೇಶನ, ಚಿತ್ರಕಥೆ, ನಟ, ನಟಿ ಎಂಬ ಐದೂ ಇದಕ್ಕೇ ಸಂದವು. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’, ಫ್ರಾನ್ಸಿನ ‘ಕೈಯೇ ದ್ಯು ಸಿನೆಮಾ’ ಪತ್ರಿಕೆಗಳೆರಡೂ ಇದನ್ನು ಆ ವರ್ಷದ ಮೊದಲ ಸ್ಥಾನದಲ್ಲಿ ನಿಲ್ಲಿಸಿದವು. ಆಸ್ಕರ್‌ಗೆ ನಾಮನಿರ್ದೇಶನವಾಯಿತಾದರೂ ೨೦೧೭ರಲ್ಲಿ ಆ ಪ್ರಶಸ್ತಿ ಇರಾನಿನ ಅಸ್ಗರ್ ಫರ್ಹಾದಿಯವರ ಚಿತ್ರಕ್ಕೆ ಹೋಯಿತು.

ಇಷ್ಟೆಲ್ಲ ಹೊಗಳಿಕೆಯಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಕೇಳಿಬಂದವು. ಒಂದು, ಇದು ಹಾಸ್ಯಚಿತ್ರ. ಜರ್ಮನ್ನರೂ ನಗಿಸಬಲ್ಲರು ಎಂಬ ಅಚ್ಚರಿ. ಎರಡು, ದುಡಿಮೆಯಲ್ಲಿ ಕಲ್ಲಾದ ಮಗಳಿಗೆ ಅಪ್ಪ ನಗುವನ್ನು, ಬದುಕನ್ನು ಮರಳಿ ಕಲಿಸಿದ ಎಂಬ ವ್ಯಾಖ್ಯಾನ. ಎರಡರಲ್ಲಿಯೂ ಸ್ವಲ್ಪ ಸತ್ಯವಿದೆ. ಪ್ರೇಕ್ಷಕರು ನಕ್ಕದ್ದು ನಿಜ, ಮಗಳು ಸ್ವಲ್ಪ ಬದಲಾಗುವುದೂ ನಿಜ. ಆದರೆ ಚಿತ್ರದ ತಿರುಳು ಅಲ್ಲಿಲ್ಲವೆಂಬುದು ನನ್ನ ವಾದ.

ವಿಕೃತವಾದ ವೇಷದಿಂದ ಹಾಸ್ಯ ಹುಟ್ಟುತ್ತದೆಂದು ನಾಟ್ಯಶಾಸ್ತ್ರದಲ್ಲಿ ಭರತನೇ ಹೇಳಿದ್ದಾನೆ. ತಾನೇ ನಗುವುದು ಆತ್ಮಸ್ಥ, ಪರರನ್ನು ನಗಿಸುವುದು ಪರಸ್ಥ ಎಂದು ಎರಡು ಬಗೆಯನ್ನೂ ಹೇಳಿದ್ದಾನೆ. ವಿನ್‌ಫ್ರೀಡನ ವೇಷ ಭರತನ ಲಕ್ಷಣಕ್ಕೆ ಸರಿಯಾಗಿ ಹೊಂದುತ್ತದೆ. ಆದರೆ ಆ ವೇಷದ ಬೆಲೆಯನ್ನು ಯಾರು ತೆತ್ತರು? ತೈಲಬಾವಿಯ ಬಳಿ ನಡೆಯುವ ಪ್ರಸಂಗವನ್ನು ನೋಡಿ. ಅಪ್ಪ ಅಲ್ಲೊಬ್ಬ ಕೆಲಸಗಾರನೊಂದಿಗೆ ವಿನೋದಕ್ಕೆ ತೊಡಗುತ್ತಾನೆ. ಅದರ ಫಲವಾಗಿ ಆ ಬಡಪಾಯಿಯ ಕೆಲಸ ನಿಂತ ನಿಲುವಿನಲ್ಲೇ ಹೋಗುತ್ತದೆ. ಅಪ್ಪ ಅಂಗಲಾಚುತ್ತಾನೆ. ಮಗಳು ಮಾತ್ರ, ಅವರು ಹೆಚ್ಚು ಜನರನ್ನು ತೆಗೆದಷ್ಟೂ ತಾನು ತೆಗೆಯಬೇಕಾದವರ ಸಂಖ್ಯೆ ಕಡಿಮೆಯಾಗುತ್ತದೆ ಎನ್ನುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಬಡವನೊಬ್ಬನ ಮನೆಯ ಶೌಚಾಲಯವನ್ನು ಬಳಸಿ, ಹೊರಡುವಾಗ ಹಾಸ್ಯಪ್ರಜ್ಞೆಯನ್ನು ಕಳೆದುಕೊಳ್ಳಬೇಡವೆಂದು ಅವನಿಗೆ ಉಪದೇಶಿಸುತ್ತಾನೆ. ಕೆಲಸವೇ ಹೋಗಬಹುದಾದ ಊರಿನ ಮನುಷ್ಯನಿಗೆ ಈ ಉಪದೇಶ! ಮಗಳು ಅದನ್ನು ಬಿಡದೆ ಚುಚ್ಚುತ್ತಾಳೆ. ಇದನ್ನು ಕೇವಲ ನಗೆಯೆಂದು ಕರೆದರೆ ನಿರ್ದೇಶಕಿಯ ಕಣ್ಣಿಗೆ ಕಂಡದ್ದು ನಮಗೆ ಕಾಣಲಿಲ್ಲವೆಂದಾಯಿತು.

ಇನ್ನು ಮಗಳನ್ನು ಕಲ್ಲುಮನಸ್ಸಿನವಳೆನ್ನುವವರು ಅವಳ ಕಚೇರಿಯನ್ನು ಗಮನಿಸಲಿ. ಮೇಲಿನವರೆಲ್ಲ ಗಂಡಸರು. ಅವಳು ತಯಾರಿಸಿದ ವರದಿಯ ಬಗ್ಗೆ ಮಾತಾಡಬೇಕಾದ ಕಂಪನಿಯ ಮುಖ್ಯಸ್ಥ, ತನ್ನ ಹೆಂಡತಿಯನ್ನು ಅಂಗಡಿಗಳಿಗೆ ಸುತ್ತಿಸಿಕೊಂಡು ಬಾ ಎನ್ನುತ್ತಾನೆ. ಗಂಡುಮಗನೊಬ್ಬ ಅದೇ ಹುದ್ದೆಯಲ್ಲಿದ್ದು ಸದಾ ದೂರವಾಣಿ ಹಿಡಿದಿದ್ದರೆ ನಾವು ‘ಕಷ್ಟಪಟ್ಟು ಮೇಲೆ ಬಂದ’ ಎಂದು ಹೆಮ್ಮೆಪಡುತ್ತಿದ್ದೆವು. ಮಗಳಾದ್ದರಿಂದ ‘ಬದುಕುವುದನ್ನೇ ಮರೆತಳು’ ಎನ್ನುತ್ತೇವೆ. ಸಾಂಡ್ರಾ ಹ್ಯೂಲರ್ ಅವರ ಅಭಿನಯದಲ್ಲಿ ಈ ಅಪಮಾನಗಳೆಲ್ಲ ಮಾತಿಲ್ಲದೆ ಮುಖದ ಮೇಲೆ ಹಾದುಹೋಗುತ್ತವೆ.

ಹಾಗಾದರೆ ಅಪ್ಪ ಮಗಳು ಹತ್ತಿರವಾಗುವುದು ಎಲ್ಲಿ? ಉಪದೇಶದಲ್ಲಿ ಅಲ್ಲ, ತಮಾಷೆಯಲ್ಲೂ ಅಲ್ಲ. ಅಪ್ಪ ಬಲ್ಗೇರಿಯದ ಜಾನಪದ ವೇಷವೊಂದನ್ನು, ಅಡಿಯಿಂದ ಮುಡಿಯವರೆಗೆ ರೋಮ ಮುಚ್ಚಿದ ದೈತ್ಯರೂಪವನ್ನು, ಧರಿಸಿ ಬಂದು ಮೌನವಾಗಿ ನಿಂತು ಹೊರಟುಹೋಗುತ್ತಾನೆ. ಮಗಳು ಬೆನ್ನಟ್ಟಿ ಹೋಗಿ, ಉದ್ಯಾನದಲ್ಲಿ ಅವನನ್ನು ಅಪ್ಪಿಕೊಳ್ಳುತ್ತಾಳೆ. ಮಾತೇ ಆಡದ ಅಪ್ಪ ಅವಳಿಗೆ ಬೇಕಾಗಿದ್ದ. ಕೊನೆಯಲ್ಲಿ ಅಜ್ಜಿಯ ಅಂತ್ಯಕ್ರಿಯೆಯ ದಿನ, ಕ್ಷಣಗಳನ್ನು ಹಿಡಿದಿಡಲಾಗದೆಂದು ಅಪ್ಪ ಹೇಳಿ ಮುಗಿಸುತ್ತಾನೆ. ಮಗಳು ಅವನ ಹಲ್ಲಿನ ಸೆಟ್ಟನ್ನು ತಾನೇ ಧರಿಸುತ್ತಾಳೆ. ಆ ಕ್ಷಣವನ್ನು ಹಿಡಿಯಲೆಂದು ಅಪ್ಪ ಕ್ಯಾಮೆರಾ ತರಲು ಒಳಗೆ ಓಡುತ್ತಾನೆ! ಅವಳು ಹಲ್ಲು ತೆಗೆದು, ಒಂಟಿಯಾಗಿ ಕಾಯುತ್ತ ನಿಲ್ಲುತ್ತಾಳೆ. ಈ ಹೊತ್ತಿಗೆ ಅವಳು ಸಿಂಗಪುರದಲ್ಲಿ ಮತ್ತೊಂದು ಸಲಹಾ ಸಂಸ್ಥೆಯ ಕೆಲಸಕ್ಕೆ ಒಪ್ಪಿಯೂ ಆಗಿದೆ. ಯಾರೂ ಗುಣವಾಗಲಿಲ್ಲ, ಯಾರೂ ಗೆಲ್ಲಲಿಲ್ಲ. ಆದ್ದರಿಂದಲೇ ಇದನ್ನು ನಾನು ಸಂಬಂಧದ ಚಿತ್ರವೆನ್ನುತ್ತೇನೆ. ಬಹುಮಾನ ನಿರಾಕರಿಸಿದ ತೀರ್ಪುಗಾರರಿಗಿಂತ, ‘ಹಾಸ್ಯ’ ಎಂಬ ಚೀಟಿ ಅಂಟಿಸಿದ ಅಭಿಮಾನಿಗಳೇ ಇದಕ್ಕೆ ಹೆಚ್ಚು ಅನ್ಯಾಯ ಮಾಡಿದರು. ಹಾಲಿವುಡ್ ಇದನ್ನು ಜ್ಯಾಕ್ ನಿಕಲ್ಸನ್ ಅವರೊಂದಿಗೆ ಮತ್ತೆ ತೆಗೆಯಲು ಹೊರಟದ್ದೂ ಆ ಚೀಟಿಯನ್ನು ನಂಬಿಯೇ ಇರಬೇಕು. ೨೦೧೮ರಲ್ಲಿ ಅವರು ಹಿಂದೆ ಸರಿದರು.

ನಾನೂ ಮೇಷ್ಟರೇ ಆದ್ದರಿಂದ ವಿನ್‌ಫ್ರೀಡನ ಮೇಲೆ ನನಗೆ ಮಮತೆಯಿದೆ. ಆ ಪಾತ್ರಕ್ಕೆ ಜೀವ ತುಂಬಿದ ಆಸ್ಟ್ರಿಯದ ನಟ ಪೀಟರ್ ಸಿಮೋನಿಷೆಕ್ ೨೦೨೩ರಲ್ಲಿ ತೀರಿಕೊಂಡರು. ‘ನೀನು ಸುಖವಾಗಿದ್ದೀಯಾ?’ ಎಂದು ಆತ ಮಗಳನ್ನು ಕೇಳುವ ಪ್ರಶ್ನೆಯನ್ನು ನನ್ನ ವಯಸ್ಸಿನವರೆಲ್ಲ ಮಕ್ಕಳಿಗೆ ಕೇಳುತ್ತೇವೆ. ಕೇಳುವವರಿಗೆ ಅದು ವಾತ್ಸಲ್ಯ. ಬೆಂಗಳೂರಿನಲ್ಲೋ ಬರ್ಲಿನ್ನಿನಲ್ಲೋ ಕೆಲಸದ ನಡುವೆ ಕೇಳಿಸಿಕೊಳ್ಳುವವರಿಗೆ ಆಪಾದನೆ. ಉತ್ತರವನ್ನು ಬಯಸುವುದಾದರೆ ಪ್ರಶ್ನೆಯ ಧ್ವನಿಯನ್ನು ಮೊದಲು ನಾವು ತಿದ್ದಿಕೊಳ್ಳಬೇಕು. ಇದು ನನ್ನ ಸಮವಯಸ್ಕ ಬಂಧುಗಳಿಗೆ ನನ್ನ ವಿನಂತಿ.

ಮಕ್ಕಳಾದ ನಿಮಗೂ ಒಂದು ಮಾತು. ಬಿಡುವು ಮಾಡಿಕೊಂಡು ಈ ಚಿತ್ರವನ್ನು ನೋಡಿ. ನಗ್ನತೆಯ ದೃಶ್ಯವೊಂದು ದೀರ್ಘವಾಗಿದೆ, ಆದ್ದರಿಂದ ಚಿಕ್ಕವರನ್ನು ಕೂರಿಸಿಕೊಂಡು ನೋಡಬೇಡಿ. ಅಪ್ಪನೊಡನೆ ಕುಳಿತು ನೋಡುವ ಧೈರ್ಯವಿದ್ದರೆ ಅದು ನಿಮ್ಮಿಬ್ಬರಿಗೆ ಬಿಟ್ಟದ್ದು.