ಊರಿಗೊಬ್ಬ ವೈದ್ಯ

ರೋಗಿಗೆ ವೈದ್ಯನು ಬೇಕೆಂಬುದನ್ನು ಯಾರೂ ವಾದಿಸಿ ಸಾಧಿಸಬೇಕಾಗಿಲ್ಲ. ಆದರೆ ಇಡೀ ನಗರವನ್ನೇ ತನ್ನ ರೋಗಿಯೆಂದು ಭಾವಿಸುವ ಒಬ್ಬ ವೈದ್ಯನು ನಗರಾಡಳಿತದಲ್ಲಿ ಇರಬೇಕೆಂಬ ಮಾತು ಇಂದಿಗೂ ಹಲವರಿಗೆ ವಿಚಿತ್ರವಾಗಿ ತೋರುತ್ತದೆ. 2025ರಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಬಂದಾಗ, ಗಡಿ ಎಲ್ಲಿ, ತೆರಿಗೆ ಯಾರಿಗೆ ಎಂಬ ಚರ್ಚೆಯನ್ನು ಬೇಕಾದಷ್ಟು ಕೇಳಿದೆವು. ಎಂತಹ ಆರೋಗ್ಯಾಧಿಕಾರಿ ಬೇಕೆಂಬ ಪ್ರಶ್ನೆ ಮಾತ್ರ ಅಷ್ಟಾಗಿ ಕಿವಿಗೆ ಬೀಳಲಿಲ್ಲ. ಡೆಂಗ್ಯೂ ಹರಡುವ ಸೊಳ್ಳೆಗೋ ಗಡಿಕಲ್ಲು ಕಾಣಿಸುವುದಿಲ್ಲ.

ಈ ಹುದ್ದೆಯ ಮಹತ್ತ್ವವನ್ನು ಅರಿಯಲು ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಚರಿತ್ರೆಯನ್ನು ನೋಡಬೇಕು. 1846ರಲ್ಲಿ ಆ ನಗರಕ್ಕಾಗಿ ಪಾರ್ಲಿಮೆಂಟು ಒಂದು ನೈರ್ಮಲ್ಯ ಶಾಸನವನ್ನು ಮಾಡಿತು. ಅದರಂತೆ 1847ರ ಜನವರಿ 1ರಂದು ವಿಲಿಯಂ ಹೆನ್ರಿ ಡಂಕನ್ ಎಂಬ ವೈದ್ಯನು ಆ ದೇಶದ ಮೊದಲ ಆರೋಗ್ಯಾಧಿಕಾರಿಯಾದನು. ಬಡವರ ಔಷಧಾಲಯದಲ್ಲಿ ಕೆಲಸ ಮಾಡಿದ್ದ ಅವನು ನೆಲಮಾಳಿಗೆಗಳಲ್ಲಿಯೂ ಗಾಳಿಯಾಡದ ವಠಾರಗಳಲ್ಲಿಯೂ ಎಷ್ಟು ಜನ ವಾಸಿಸುವರೆಂದು ಲೆಕ್ಕಹಾಕಿ, ಅದಕ್ಕೂ ಮರಣಸಂಖ್ಯೆಗೂ ಇರುವ ಸಂಬಂಧವನ್ನು 1843ರಲ್ಲಿಯೇ ಪ್ರಕಟಿಸಿದ್ದನು.

ನೇಮಕವೇನೋ ಅರೆಮನಸ್ಸಿನದು: ವರ್ಷಕ್ಕೆ 300 ಪೌಂಡ್ ಸಂಬಳ, ಜೊತೆಗೆ ಖಾಸಗಿ ವೃತ್ತಿಗೂ ಅವಕಾಶ. ಆದರೆ ಅದೇ ವರ್ಷ ಐರ್ಲೆಂಡಿನ ಕ್ಷಾಮದಿಂದ ಓಡಿಬಂದವರು ಸುಮಾರು 3 ಲಕ್ಷ ಮಂದಿ ಆ ಬಂದರಿನಲ್ಲಿ ಇಳಿದರು. ನಗರದ ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಟೈಫಸ್ ಜ್ವರ ಹಬ್ಬಿತು. ಬಿಡುವಿನ ವೇಳೆಯಲ್ಲಿ ಮಾಡುವ ಕೆಲಸ ಇದಲ್ಲವೆಂಬುದು ಮನವರಿಕೆಯಾಗಿ, 1848ರಲ್ಲಿ ಹುದ್ದೆಯು 750 ಪೌಂಡ್ ಸಂಬಳದ ಪೂರ್ಣಕಾಲದ ಹುದ್ದೆಯಾಯಿತು.

ಕೊಳೆತ ವಸ್ತುಗಳಿಂದ ಏಳುವ ದುರ್ವಾಯುವೇ ರೋಗಕಾರಣವೆಂದು ಡಂಕನ್ನನು ನಂಬಿದ್ದನು. ಅದು ತಪ್ಪು; ಟೈಫಸ್ ಹೇನಿನಿಂದ ಹರಡುವುದೆಂದು ಷಾರ್ಲ್ ನಿಕೋಲ್ ತೋರಿಸಿದ್ದು 1909ರಲ್ಲಿ. ಆದರೂ ಡಂಕನ್ನನ ಲೆಕ್ಕ ತಪ್ಪಾಗಲಿಲ್ಲ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಆಶ್ಚರ್ಯವಲ್ಲ: ಉಷ್ಣವು ಒಂದು ಬಗೆಯ ದ್ರವವೆಂಬ ಭಾವನೆಯಿಂದಲೇ ಹೊರಟು ಸಾದಿ ಕಾರ್ನೊ 1824ರಲ್ಲಿ ಉಷ್ಣಯಂತ್ರಗಳ ಶಾಶ್ವತ ನಿಯಮವೊಂದನ್ನು ಕಂಡುಕೊಳ್ಳಲಿಲ್ಲವೆ?

ಆದರೆ ಲೆಕ್ಕವಿದ್ದರೆ ಸಾಲದು, ಅದನ್ನು ಹೇಳುವ ಧೈರ್ಯವೂ ಬೇಕು. ನೆಲಮಾಳಿಗೆಯನ್ನು ಮುಚ್ಚಿಸಿದರೆ ಅದರ ಒಡೆಯನಿಗೆ ಬಾಡಿಗೆ ನಷ್ಟ. ಆ ಒಡೆಯನೇ ನಗರಸಭೆಯ ಸದಸ್ಯನಾಗಿರಲೂಬಹುದು. ಇಂತಹವರ ನಡುವೆ ನಿಂತು ಅಪ್ರಿಯ ಸತ್ಯವನ್ನು ನುಡಿಯಬೇಕಾದವನನ್ನು ಮನಬಂದಾಗ ವರ್ಗಾಯಿಸುವಂತಿದ್ದರೆ ಅವನು ಮೌನಿಯಾಗುವುದು ಸಹಜ. ಬ್ರಿಟನ್ನಿನಲ್ಲಿ ಮುಂದೆ, ಮಂತ್ರಿಯ ಒಪ್ಪಿಗೆಯಿಲ್ಲದೆ ಆರೋಗ್ಯಾಧಿಕಾರಿಯನ್ನು ತೆಗೆಯಬಾರದೆಂಬ ರಕ್ಷಣೆಯನ್ನೇ ಶಾಸನದಿಂದ ಒದಗಿಸಬೇಕಾಯಿತು. ಅದೇ ಇಂಗ್ಲೆಂಡು 1974ರಲ್ಲಿ ಈ ಹುದ್ದೆಯನ್ನು ರದ್ದುಮಾಡಿ, ಹೊಣೆಯನ್ನು ರಾಷ್ಟ್ರೀಯ ಆರೋಗ್ಯ ಸೇವೆಗೆ ವಹಿಸಿತು. 2013ರಲ್ಲಿ ಮತ್ತೆ ಸ್ಥಳೀಯ ಆಡಳಿತಗಳಿಗೇ ಮರಳಿಸಿತು. ನೀರು, ಚರಂಡಿ, ವಸತಿಗಳನ್ನು ನೋಡಿಕೊಳ್ಳುವವರಿಂದ ದೂರ ಕುಳಿತು ಊರಿನ ಆರೋಗ್ಯವನ್ನು ಕಾಯುವುದು ಕಷ್ಟ.

ಹಿರಿಯ ವೈದ್ಯರೇ ಬೇಕೆನ್ನುವಾಗ ಹಿರಿತನವೆಂದರೇನು ಎಂಬುದನ್ನೂ ಸ್ಪಷ್ಟಪಡಿಸಬೇಕು. ಇಪ್ಪತ್ತು ವರ್ಷ ಶಸ್ತ್ರಚಿಕಿತ್ಸೆ ಮಾಡಿದವರು ಸೇವಾಜ್ಯೇಷ್ಠತೆಯ ಬಲದಿಂದ ಈ ಕುರ್ಚಿಗೆ ಬಂದರೆ, ಅವರಿಗೂ ಊರಿಗೂ ಅನ್ಯಾಯ. ಈ ಶಾಸ್ತ್ರವೇ ಬೇರೆ. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಸಮುದಾಯ ವೈದ್ಯಶಾಸ್ತ್ರದ ಸ್ನಾತಕೋತ್ತರ ಪದವಿಯಿದೆ. ವೈದ್ಯರಾಗಬಯಸುವ ಬುದ್ಧಿವಂತ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಅದರ ಹೆಸರನ್ನಾದರೂ ಕೇಳಿದ್ದಾರೆ?

ಐದು ಪಾಲಿಕೆಗಳಿಗೂ ಅಂತಹ ತರಬೇತಿಯೂ ಅನುಭವವೂ ಉಳ್ಳ ವೈದ್ಯರನ್ನು ನಿಶ್ಚಿತ ಅವಧಿಗೆ ನೇಮಿಸಲಿ. ಎಂಜಿನಿಯರಿಗೆ ಸಮನಾದ ಸ್ಥಾನವನ್ನು ಕೊಡಲಿ. ಐವರೂ ವಾರಕ್ಕೊಮ್ಮೆ ಒಂದೇ ಮೇಜಿನ ಸುತ್ತ ಕುಳಿತು, ತಮ್ಮ ತಮ್ಮ ಜ್ವರದ ಲೆಕ್ಕಗಳನ್ನು ಒಂದೇ ನಕ್ಷೆಯ ಮೇಲೆ ಗುರುತಿಸಲಿ. ಆ ನಕ್ಷೆಯು ಕಡತದಲ್ಲಿ ಉಳಿಯದೆ, ವಾರವಾರವೂ ಪತ್ರಿಕೆಗಳಲ್ಲಿ ಪ್ರಕಟವಾಗಲಿ.